ಎದುರು ಮೇಳದ ನುಡಿ ಎತ್ತಿದ್ದಕ್ಕೆ

ದಿಗ್ಗೇವಾಡಿ
ತಾ. 12-2-2008

ನಮ್ಮ ಮನೆಯವರಿಗೆ ನೀಲಮ ಮಾಡುವ ನಮಸ್ಕಾರಗಳು.

ಅಕ್ಷರ ಓರೆಕೋರೆಯಾಗಿವೆ, ಒತ್ತಕ್ಷರ ತಪ್ಪಿರಬಹುದು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಸಿಟ್ಟಾಗಬೇಡಿರಿ. ಎದುರು ನಿಂತು ಮಾತಾಡುವ ಧೈರ್ಯ ನನಗಿಲ್ಲವೆಂದು ನಿಮಗೆ ಗೊತ್ತೇ ಇದೆ. ಬರುವ ಸೋಮವಾರ ನನ್ನನ್ನು ಕರೋಶಿಗೆ ಕರೆದೊಯ್ಯಲು ಬರುತ್ತೇನೆಂದು ಹೇಳಿ ಕಳಿಸಿದ್ದೀರಿ. ಬರಬೇಡಿರಿ. ಯಾಕೆಂದು ಬರೆಯುತ್ತೇನೆ.

ರವಿವಾರ ಸಂಜೆ ನಮ್ಮೂರಲ್ಲಿ ಎರಡು ಮೇಳಗಳ ಸವಾಲು-ಜವಾಬಿನ ಹಾಡಿಕೆಯಲ್ಲಿ ನಡೆದದ್ದನ್ನು ನೀವು ಬೇರೆ ರೀತಿ ತಿಳಿದಿದ್ದೀರಿ. ಕರೆಂಟ್ ಹೋಗಿ ಮೈಕ್ ನಿಂತಿತ್ತು. ಹಾಡಿಕೆ ಇಡಿಸಿದ ಬಾಪುಸಾಹೇಬ ಮಾಮಾ, "ನಮ್ಮ ಅಜ್ಜಗೋಳು ಮೈಕ್ ಹಚ್ಚಿ ಕೇಳ್ಯಾರೇನ್ರಿ? ಬರೇ ಬಾಯಿಲೆ ಹಾಡ್ರಿ" ಎಂದ. ದಪ್ಪು, ತುಂತುಣಿ, ತಾಳ, ಅಷ್ಟೇ. ಗಂಡು ಹೆಚ್ಚೆಂದು ಹಾಡುವ ಹರದೇಶಿ ನಿಮ್ಮ ಮೇಳ. ಹೆಣ್ಣು ಹೆಚ್ಚೆಂದು ಹಾಡುವ ನಾಗೇಶಿ ನಮ್ಮ ಕಸ್ತೂರೆವ್ವ ಚಿಗವ್ವನದು. ನಾನು ಚಿಗವ್ವನ ಹಿಂದೆ ಸೆರಗು ಹಣೆಗೆ ಎಳೆದುಕೊಂಡು ಹಿಮ್ಮೇಳಕ್ಕೆ ನಿಂತಿದ್ದೆ. ಎಂಟು ತಿಂಗಳ ಮೇಲೆ ನಿಮ್ಮನ್ನು ನೋಡಿದ್ದು. ಹೊಸ ರುಮಾಲು ಸುತ್ತಿದ್ದಿರಿ.

ಮೂರನೆಯ ನುಡಿಯ ಏರಿನಲ್ಲಿ ನಿಮ್ಮ ಧ್ವನಿ ಒಡೆಯಿತು. ನಿಮ್ಮ ಹಿಮ್ಮೇಳದ ಜಿನ್ನಪ್ಪಣ್ಣ ಎತ್ತಬೇಕಿತ್ತು. ಅವನು ಎಲೆ-ಅಡಿಕೆ ಉಗುಳಲು ತಿರುಗಿದ್ದ. ನನ್ನ ಬಾಯಿ ತಾನಾಗಿ ತೆರೆದು ನಿಮ್ಮ ನುಡಿಯನ್ನು ಹಿಡಿದು ಮುಗಿಸಿತು. ಮುಗಿದ ಮೇಲೆಯೇ ನನಗೆ ತಿಳಿದದ್ದು. ಮಂದಿ ಬಿದ್ದು ಬಿದ್ದು ನಕ್ಕರು. "ಏ, ನಾಗೇಶಿ ಹುಡುಗಿ ಹರದೇಶಿಗೆ ಹಾರಿದ್ಳಲೇ!" ಎಂದು ಯಾರೋ ಕೂಗಿದರು. ಚಿಗವ್ವ ತಿರುಗಿ, "ಯಾರ ಕಡೆಯಾಕಿ ಬೇ ನೀ? ಗಂಡಸ ಹೆಚ್ಚಂತ ನೀನ ಹಾಡಿದಿ, ಇನ್ನ ನಾ ಏನ್ ಉತ್ತರ ಕೊಡ್ಲಿ?" ಎಂದಳು.

ಚಹಾದ ಹೊತ್ತಿಗೆ ಜಿನ್ನಪ್ಪಣ್ಣ ಬಂದು ನಿಮ್ಮ ಮಾತು ಮುಟ್ಟಿಸಿದ. "ನಿನ್ನ ಗಂಡ ಬಾಳು ಅಂತಾನ ತಂಗಿ, ಆಕಿ ಮನಸ್ಸು ನನ್ನ ಕಡೇನ ಐತಿ, ಊರೆಲ್ಲಾ ಕೇಳೈತಿ. ಸೋಮವಾರ ಕರ್ಕೊಂಡು ಹೋಗ್ತೀನಿ, ಹಾಡೂದೊಂದು ಬಿಟ್ಟರ ಸಾಕು ಅಂತಾನ" ಎಂದ. ನಾನು ಅವನ ಕೈಯಿಂದ ಖಾಲಿ ಕಪ್ಪು ಇಸಿದುಕೊಂಡು ಒಳಗೆ ಹೋದೆ.

ನುಡಿ ನಡುವೆ ಬೀಳುವಂತಾದರೆ ಹಿಮ್ಮೇಳದವರು ಎತ್ತುತ್ತಾರೆ. ಅದು ರೂಢಿ. ಅಂದು ನಿಮ್ಮ ಬದಲು ನಿಮ್ಮ ಮೇಳದ ಮುದುಕ ಸಿದರಾಯ ಕಾಕಾ ಹಾಡುತ್ತಿದ್ದರೂ ಎತ್ತುತ್ತಿದ್ದೆ. ಅದನ್ನು ಮನಸ್ಸೆಂದು ತಿಳಿಯಬೇಡಿರಿ. ಪರರ ಮನೆಯ ಹೆಂಗಸರ ಎದುರು ನೀವು ಹಾಡಬಹುದು, ನಿಮ್ಮ ಮನೆಯವಳು ಹಾಡಬಾರದು. "ಹಾಡಾಕಿ ನನ್ನ ಮನ್ಯಾಗ ಬ್ಯಾಡ" ಎಂದು ನೀವು ಅಂದ ದಿನ ನಾನು ಉತ್ತರ ಕೊಡದೆ ತವರಿನ ಬಸ್ಸು ಹತ್ತಿದೆ. ಈಗ ಕೊಡುತ್ತಿದ್ದೇನೆ. ಹಾಡು ಬಿಟ್ಟು ಬರುವುದಿಲ್ಲ. ಹಾಡುವ ನೀಲಮಳನ್ನೇ ಕರೆಯಲು ಬರುವುದಾದರೆ ವಾರ, ತಿಥಿ ನೋಡಬೇಕಾಗಿಲ್ಲ.

ಅತ್ತೆಯವರ ಮೊಣಕಾಲಿಗೆ ಎಣ್ಣೆ ಹಚ್ಚುವವರು ಯಾರಾದರೂ ಇದ್ದಾರೆಂದು ತಿಳಿಯುತ್ತೇನೆ.

ಇಂತಿ,
ನೀಲಮ

ತಾ.ಕ.: ಆ ಏರು ನಿಮ್ಮ ಗಂಟಲಿಗೆ ಎಟುಕುವುದಿಲ್ಲ, ಶ್ರುತಿ ಒಂದು ಪಟ್ಟಿ ಕೆಳಗೆ ಹಿಡಿಯಿರಿ. ಕರೋಶಿಯಲ್ಲಿ ನೀವು ಪಡಸಾಲೆಯಲ್ಲಿ ತಾಲೀಮು ಮಾಡುವಾಗ ಮೂರು ವರ್ಷ ಅದನ್ನು ನಾನೇ ಅಡುಗೆಮನೆಯಿಂದ ಮೆಲ್ಲಗೆ ಎತ್ತುತ್ತಿದ್ದೆ. ನಿಮ್ಮದೇ ಧ್ವನಿಯೆಂದು ನೀವು ತಿಳಿದಿರಿ, ನಾನೂ ಹೇಳಲಿಲ್ಲ. ಇವತ್ತು ಮುಂಜಾನೆ ಚಿಗವ್ವನ ಬಳಿ ಹೋಗಿ, ರಾಯಬಾಗದ ಹಾಡಿಕೆಯಲ್ಲಿ ಒಂದು ನುಡಿ ನಾನು ಮುಂದೆ ನಿಂತು ಹಾಡುತ್ತೇನೆಂದೆ. ಆಕೆ, "ಹಂಗಾರ ಆ ದಪ್ಪು ಬಿಸಲಿಗೆ ಇಡು, ಚರ್ಮ ಬಿಗೀಲಿ" ಎಂದಳು. ಇಟ್ಟೆ.