ದೋಣಿಗೆ ದೃಷ್ಟಿ ತೆಗೆದದ್ದು

ಹೊಂಗಡಹಳ್ಳ

ಸಂಜಯ್ ಸಾಹುಕಾರರಿಗೆ ನಿಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಯಕುಮಾರನ ನಮಸ್ಕಾರಗಳು.

ಮಂಗಳೂರಿನಿಂದ ನಮ್ಮ ಕೆರೆಗೆಂದು ತರಿಸಿದ ಫೈಬರ್ ದೋಣಿಗೆ ಒಂದು ಗೀರು ಬಿದ್ದರೂ ನನ್ನ ಕೆಲಸ ಹೋಗುತ್ತದೆ ಎಂದಿದ್ದಿರಿ. ಆದ್ದರಿಂದ ಟ್ರೇಲರ್ ಮೇಲೆ ನನ್ನ ಮನೆಯ ಹಾಸಿಗೆ ಹಾಸಿ, ದೋಣಿಯ ಸುತ್ತ ಕಾಫಿ ಚೀಲ ಸುತ್ತಿ, ಮೇಲೆ ಟಾರ್ಪಾಲು ಹೊದಿಸಿದೆ. ಬಿಸಿಲೆ ಘಾಟಿಯ ತಿರುವಿಗೂ ತಗ್ಗಿಗೂ ಕಟ್ಟಿದ ಹಗ್ಗ ಸಡಿಲವಾಗಲಿಲ್ಲ, ದೋಣಿ ಕದಲಲಿಲ್ಲ.

ಮನೆಯ ಮುಂದೆ ಹೊದಿಕೆ ಬಿಚ್ಚಿದೆ. ನಿಮ್ಮ ತಾಯಿ ಪೂಜೆಗೆ ಬಂದರು.

“ದಾರಿಯಲ್ಲಿ ಎಷ್ಟು ಜನರ ಕಣ್ಣು ಬಿದ್ದೈತೋ ಏನೋ, ಆಚೆ ಸರಿಯೋ ಜಯ!” ಎನ್ನುತ್ತಾ ತೆಂಗಿನಕಾಯಿಯನ್ನು ದೋಣಿಯ ಮೂತಿಗೇ ಬೀಸಿ ಹೊಡೆದರು. ಕಾಯಿ ಒಡೆಯಲಿಲ್ಲ. ದೋಣಿ ಒಡೆಯಿತು.

ದಯವಿಟ್ಟು ರಿಪೇರಿಯವರನ್ನು ಕಳುಹಿಸಿ. ಯಾರ ಕೆಲಸ ಹೋಗಬೇಕೆಂದು ಅಮ್ಮಾವ್ರನ್ನು ನೀವೇ ಕೇಳಿ. ನನಗೆ ಧೈರ್ಯವಿಲ್ಲ, ಕಾಯಿ ಇನ್ನೂ ಅವರ ಕೈಯಲ್ಲೇ ಇದೆ.

ದೂರದಲ್ಲಿ ನಿಂತಿರುವ,
ಜಯಕುಮಾರ್