ಮೇಣದ ಮೇಲಿನ ಹೆಬ್ಬೆಟ್ಟು

ರಾಯಚೂರು
ತಾ. ೧೪-೧೧-೧೯೭೯

ಪ್ರೀತಿಯ ಭಾಯಿಜಾನ್‌ಗೆ ತಮ್ಮ ಸೈಫುದ್ದೀನನ ಸಲಾಮ್.

ಆ ಕಾರ್ಬೈಡ್ ಡಬ್ಬಿಯನ್ನು ಕೆಡಿಸಿದವನು ನಾನು. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ಕೇಳುತ್ತ ಕೂತರೆ ಇನ್ನೂ ಮೂರು ವರ್ಷ ಹೋಗುತ್ತದೆ. ಈಗ ಕೇಳುತ್ತೇನೆ, ಹೇಗಿದ್ದೀಯ? ಸೊಲ್ಲಾಪುರದ ಮಗ್ಗದ ಧೂಳಿಗೆ ನಿನಗೆ ಕೆಮ್ಮು ಹತ್ತಿದೆ ಎಂದು ಲಾರಿಯ ಮಹಮ್ಮದ್ ಹುಸೇನ್ ಹೇಳಿದ. ನಿನ್ನ ವಿಳಾಸ ಕೊಟ್ಟವನೂ ಅವನೇ. ಅಬ್ಬಾ ಗಟ್ಟಿಯಾಗಿದ್ದಾರೆ. ಅಮ್ಮಿ ಮಾನ್ವಿಗೆ, ಕಮರುನ್ನೀಸಾ ಆಪಾನ ಮನೆಗೆ ಹೋಗಿ ಎರಡು ತಿಂಗಳಾಯಿತು. ಇಲ್ಲಿ ನಿನ್ನ ಹೆಸರು ಎತ್ತುವಂತಿಲ್ಲ, ಅಲ್ಲಿ ಎತ್ತಬಹುದು, ಅದಕ್ಕೇ ಹೋಗಿದ್ದಾರೆ. ನನಗೆ ಉರ್ದು ಬರೆಯಲು ಬರುವುದಿಲ್ಲ. ಏಳನೆಯ ತರಗತಿಗೆ ಬಿಟ್ಟ ಕನ್ನಡ ಶಾಲೆಯ ಅಕ್ಷರ ಇದು, ತಾಳಿಕೊಂಡು ಓದು.

ನಮ್ಮ ದೀಪದ ಅಂಗಡಿಯ ರೀತಿ ನೀನೇ ನನಗೆ ಕಲಿಸಿದ್ದು. ಗವಿ, ಹಳೆ ಗಣಿ ಎಂದು ಒಳಗಿಳಿಯುವವರು ಬಂದರೆ ಅಬ್ಬಾ ಮೂರು ಬೆಳಕು ಕೊಡದೆ ಕಳಿಸುವುದಿಲ್ಲ: ಕಾರ್ಬೈಡ್ ದೀಪ, ಬ್ಯಾಟರಿ, ಮೇಣಬತ್ತಿ. ಕಾರ್ಬೈಡ್ ಕಲ್ಲಿನ ಮೇಲೆ ನೀರು ಹನಿದರೆ ಗ್ಯಾಸು ಹುಟ್ಟಿ ದೀಪ ಉರಿಯುತ್ತದೆ. ಡಬ್ಬಿಯಲ್ಲೇ ತೇವ ತಾಗಿದರೆ ಉಳಿಯುವುದು ಬರೀ ಸುಣ್ಣ. ಅದಕ್ಕೇ ಡಬ್ಬಿ ತುಂಬಿದವನು ಮುಚ್ಚಳಕ್ಕೆ ಮೇಣ ಸುರಿದು, ಅದು ಆರುವ ಮೊದಲು ತನ್ನ ಹೆಬ್ಬೆಟ್ಟು ಒತ್ತಬೇಕು. ಒತ್ತಿದನೆಂದರೆ ಅವನು ನೋಡಿದ್ದಾನೆ ಎಂದು ಅರ್ಥ. ಆಮೇಲೆ ಯಾರೂ ತೆರೆದು ನೋಡುವುದಿಲ್ಲ.

ಆ ವರ್ಷ ಶಬೆಬರಾತ್ ಹಬ್ಬದ ರಾತ್ರಿ ಓಣಿಯಲ್ಲಿ ಪಟಾಕಿಯಂತೆ ಢಂ ಎನ್ನಿಸೋಣವೆಂದು ಡಬ್ಬಿಯಿಂದ ಒಂದಿಷ್ಟು ಕಲ್ಲು ತೆಗೆದೆ, ಮುಚ್ಚಳ ಹಾಕಲು ಮರೆತೆ. ಮೂರು ದಿನ ಮಳೆ, ಮಾಡಿನ ತಗಡು ಸೋರಿತು. ನೋಡಿದಾಗ ಡಬ್ಬಿಯ ತುಂಬ ಬಿಳಿ ಹಿಟ್ಟು. ಅಬ್ಬಾನ ಹೆದರಿಕೆಗೆ ಮೇಲೆ ಏಳೆಂಟು ಒಳ್ಳೆಯ ಕಲ್ಲು ಇಟ್ಟು, ಮೇಣ ಹಾಕಿ, ಹೆಬ್ಬೆಟ್ಟು ಒತ್ತಿದೆ. ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡಿದ್ದೆ. ವಾರದೊಳಗೆ ಸರ್ವೆ ಸಾಹೇಬರ ಜೀಪು ಬಂತು, ದೇವದುರ್ಗದ ಆಚೆಯ ಗುಡ್ಡದಲ್ಲಿ ಹಳೆಯ ಚಿನ್ನದ ಗಣಿ ನೋಡಬೇಕೆಂದು. ನೀನು ದೀಪ ಹಿಡಿಯಲು, ಮುದುಕಪ್ಪ ಹಗ್ಗ ಹಿಡಿಯಲು ಅವರ ಜೊತೆ ಹೊರಟಿರಿ. ನೀನು ಡಬ್ಬಿಯನ್ನು ಕಿವಿಯ ಹತ್ತಿರ ಅಲುಗಿಸಿದೆ. ಆ ಏಳೆಂಟು ಕಲ್ಲು ಸದ್ದು ಮಾಡಿದವು. ಒಮ್ಮೆ ತೆರೆದು ನೋಡು ಎಂದ ಮುದುಕಪ್ಪ. ನೀನು ನಕ್ಕೆ. “ನಮ್ಮ ತಮ್ಮ ಒತ್ಯಾನಪಾ. ತೆರೆದು ನೋಡಿದ್ರ ಅವನಿಗಿ ಅವಮಾನ ಆಗ್ತದ.” ಅವನೂ ನಕ್ಕು “ಹಂಗಾದ್ರ ನಡಿ” ಎಂದ. ನಾನು ಬಾಗಿಲಲ್ಲೇ ನಿಂತಿದ್ದೆ, ಭಾಯಿಜಾನ್. ಮೇಷ್ಟ್ರ ಮುಖಕ್ಕೆ ನಿಜ ಹೇಳಿ ಶಾಲೆ ಬಿಟ್ಟವನು, ಅಷ್ಟೇ ದೂರದಲ್ಲಿದ್ದ ನಿನಗೆ ಹೇಳಲಿಲ್ಲ.

ಗಣಿಯ ಒಳಗೆ ನಡೆದದ್ದನ್ನು ಆಮೇಲೆ ಸಾಹೇಬರು ಹೇಳಿದರು. ಬ್ಯಾಟರಿಯ ಬಲ್ಬು ಸುಟ್ಟಿತು, ಮೇಣಬತ್ತಿ ತೀರಿದವು, ದೀಪ ಸಣ್ಣದಾದಾಗ ನೀನು ಡಬ್ಬಿ ತೆರೆದರೆ ಆ ಏಳೆಂಟು ಕಲ್ಲಿನ ಕೆಳಗೆಲ್ಲ ಸುಣ್ಣ. ಕತ್ತಲಲ್ಲಿ ಗೋಡೆ ತಡವುತ್ತ ಬರುವಾಗ ಮುದುಕಪ್ಪ ಪಕ್ಕದ ಗುಂಡಿಗೆ ಜಾರಿದ. ಮರುದಿನ ಅವನ ಹೆಣ ಮೇಲೆ ತಂದರು. ಅಬ್ಬಾ ಕೇಳಿದಾಗ, “ಡಬ್ಬಿ ತುಂಬಿದ್ದು ನಾನೇ, ನೋಡಿಕೊಳ್ಳಲಿಲ್ಲ” ಎಂದೆ ನೀನು. ಡಬ್ಬಿಯನ್ನು ಮಾತ್ರ ವಾಪಸು ತಂದಿದ್ದೆ, ಮುಚ್ಚಳ ತರಲಿಲ್ಲ. ಅಬ್ಬಾ ನಿನ್ನನ್ನು ಹೊರಗೆ ಹಾಕಿದರು. ಹಿಂದೆ ಕತ್ತರಿ ತಾಗಿ ಸೀಳಿದ ನನ್ನ ಹೆಬ್ಬೆಟ್ಟಿನ ಗಾಯದ ಗೆರೆ ಮುಚ್ಚಳದ ಮೇಣದಲ್ಲಿತ್ತು. ಆ ಕತ್ತಲಲ್ಲಿ ಅದು ನಿನ್ನ ಬೆರಳಿಗೆ ತಾಗಿರಬೇಕು. ಆ ಮುಚ್ಚಳವನ್ನು ಎಲ್ಲಿ ಎಸೆದೆ?

ಹೋದ ಶನಿವಾರ ಮುದುಕಪ್ಪನ ಹೆಂಡತಿ ಆದೆಮ್ಮ ದೇವದುರ್ಗದಿಂದ ಅಂಗಡಿಗೆ ಬಂದಿದ್ದಳು. ಏನೂ ಕೊಳ್ಳಲಿಲ್ಲ. “ನಿಮ್ಮಣ್ಣ ದೀಪ ಆರಿಸಿ, ನಮ್ಮನಿಯವರನ್ನ ಬಿಟ್ಟು ಓಡಿ ಬಂದನಂತ ಊರಾಗ ಅಂತಾರ. ಖರೇನೇನಪಾ?” ಎಂದು ನನ್ನನ್ನೇ ಕೇಳಿದಳು. ನಾನು ಒಳಗೆ ಹೋಗಿ, ಅವಳು ಹೋಗುವವರೆಗೂ ಗೋಡೆಗೆ ಮುಖ ಮಾಡಿ ನಿಂತೆ. ಇಂದು ಬೆಳಿಗ್ಗೆ ಅಬ್ಬಾಗೆ ಎಲ್ಲ ಹೇಳಿದೆ. ಅವರು ಹೊಡೆಯಲಿಲ್ಲ. ಕಪಾಟಿನಿಂದ ನನ್ನ ಹೆಬ್ಬೆಟ್ಟಿನ ಡಬ್ಬಿಗಳನ್ನೆಲ್ಲ ಇಳಿಸಿ, ಒಂದೊಂದರ ಮೇಣ ಒಡೆದು ಒಳಗೆ ಕೈಯಾಡಿಸಿ ನೋಡಿದರು. ಎಲ್ಲದರಲ್ಲೂ ಕಲ್ಲು ಚೆನ್ನಾಗಿತ್ತು. ಆದರೂ ಕೊನೆಯದನ್ನೂ ಬಿಡದೆ ನೋಡಿದರು. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ “ದಸ್ತಗೀರ್‌ಗಿ ಬರಿ” ಎಂದರು. ಮೂರು ವರ್ಷದಲ್ಲಿ ನಿನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಇದೇ ಮೊದಲು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನೀನು ಮನೆಗೆ ಬಾ. ನನ್ನೊಂದಿಗೆ ಮಾತಾಡಬೇಡ ಬೇಕಾದರೆ, ಅಮ್ಮಿಗಾಗಿ ಬಾ. ಅಬ್ಬಾ ದುವಾ ತಿಳಿಸಿದ್ದಾರೆ. ಕೆಮ್ಮಿಗೆ ಔಷಧ ತೆಗೆದುಕೋ.

ನಿನ್ನ ತಮ್ಮ,
ಸೈಫುದ್ದೀನ್

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು. ಆದೆಮ್ಮ ಕೇಳಿದ್ದಕ್ಕೆ ಉತ್ತರ ಹೇಳಬೇಕಾದವನು ನಾನು. ಅವಳ ಮೈದುನರು ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಅಬ್ಬಾ ಜೊತೆಗೆ ಬರುತ್ತೇನೆ ಎಂದರು, ಬೇಡ ಎಂದೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೊರಡುತ್ತೇನೆ.