ಹೊಸ ಬ್ರೇಕು, ದೊಡ್ಡ ಅಳಿಯ

ಹದಿನಾಲ್ಕು, ಭಾನುವಾರ.

ಷಡ್ಡಕನಿಂದ ಕೊಂಡ ಹಳೆಯ ಕಾರಿಗೆ ಮೂರು ವಾರದಲ್ಲಿ ಆಯಿಲ್, ಬೆಲ್ಟ್, ಬ್ಯಾಟರಿ ಎಲ್ಲ ಹೊಸದು ಹಾಕಿಸಿದೆ. ನಿನ್ನೆ ಬ್ರೇಕೂ ಆಯಿತು. ಸವೆದ ಹಳೆಯ ಪ್ಯಾಡುಗಳನ್ನು ತೋರಿಸಿ ಮೆಕ್ಯಾನಿಕ್, "ಇದ್ರಲ್ಲಿ ಓಡಿಸ್ತಿದ್ದೋರು ಪುಣ್ಯವಂತ್ರು ಸಾರ್" ಎಂದ.

ಇವತ್ತು ಮಾವನವರನ್ನು ಸುತ್ತಾಡಿಸಲು ಹೊರಟರೆ, "ದೊಡ್ಡ ಅಳಿಯಂದ್ರೇ ಓಡಿಸ್ಲಿ, ಅವ್ರ ಕೈಗೆ ಪಳಗಿದ ಗಾಡಿ" ಎಂದರು. ಷಡ್ಡಕನಿಗೆ ಕೀ ಕೊಟ್ಟು ಹಿಂದೆ ಕೂತೆ. ನನ್ನ ಕಾರಿನಲ್ಲಿ ನಾನೇ ನೆಂಟ.

ತಿರುವಿನಲ್ಲಿ ನಾಯಿ ಅಡ್ಡ ಬಂತು. ಷಡ್ಡಕ ಬ್ರೇಕ್ ಒತ್ತಿದ. ಕಾರು ಗಕ್ಕನೆ ನಿಂತದ್ದಕ್ಕೆ ಅವನೇ ಬೆಚ್ಚಿಬಿದ್ದ. ಈಗಲಾದರೂ ಹೊಸ ಬ್ರೇಕಿನ ವಿಷಯ ಬಾಯಿಬಿಡುತ್ತಾನೆಂದು ಕಾದೆ.

"ಎಂಥ ಕಾಲಿನ ಹದ ನಿಮ್ದು" ಎಂದರು ಮಾವ.

ಅವನು ಮುಗುಳ್ನಕ್ಕ, ಅಷ್ಟೇ.

ಹಳೆಯ ಪ್ಯಾಡುಗಳು ಇನ್ನೂ ಡಿಕ್ಕಿಯಲ್ಲಿವೆ. ಮುಂದಿನ ಭಾನುವಾರಕ್ಕೆ ಅವನ್ನೇ ತಿರುಗಿ ಹಾಕಿಸಿಬಿಡಲೇ ಎಂದುಕೊಂಡೆ. ಆಮೇಲೆ ನೆನಪಾಯಿತು, ಹಿಂದಿನ ಸೀಟಿನಲ್ಲಿ ಕೂರುವವನು ನಾನೇ.